ಬಾಯಲ್ಲಿ ಮೊಳೆ

ಅಪ್ಪನಿಗೆ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಮಗಳಿಗೆ ಅದೇ ಲೆಕ್ಕ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಫೋಟೋಗಳಿಗೆ, ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅಪ್ಪನದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಮದುವೆಯ ಫೋಟೋ, ಹಸುಗೂಸಿನ ಫೋಟೋ, ಓಟದಲ್ಲಿ ಗೆದ್ದ ಪ್ರಮಾಣಪತ್ರ, ತೀರಿಹೋದವರ ಮುಖ, ಎಲ್ಲವೂ ಅವನ ಮೇಜಿನ ಮೇಲೆ ಒಂದು ದಿನ ಮಲಗಿದ್ದು, ನಾಲ್ಕು ಮರದ ಪಟ್ಟಿಗಳ ನಡುವೆ ಗಾಜು ಹೊದ್ದುಕೊಂಡು ಹೋಗುತ್ತಿದ್ದವು. ಗಿರಾಕಿ ಚಿತ್ರವನ್ನು ಚೀಲದಿಂದ ಹೊರಗೆಳೆಯುವಷ್ಟರಲ್ಲಿ ಅದಕ್ಕೆ ಎಷ್ಟುದ್ದದ ಪಟ್ಟಿ, ಎಷ್ಟಗಲದ ಗಾಜು ಎಂದು ಅಪ್ಪನ ಬಾಯಿಂದ ಬಂದಾಗಿರುತ್ತಿತ್ತು. ಆಮೇಲೆ ಅವನು ಟೇಪು ಹಿಡಿಯುತ್ತಿದ್ದದ್ದು ಬರೀ ಶಾಸ್ತ್ರಕ್ಕೆ. ಟೇಪು ಅವನ ಮಾತನ್ನು ಒಪ್ಪಿಕೊಳ್ಳುತ್ತಿತ್ತು, ಅವನು ಟೇಪಿನ ಮಾತನ್ನಲ್ಲ.

ಮಗಳನ್ನು ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಹತ್ತಿಕೊಂಡ ಮಾತು ನಿದ್ದೆ ಬರುವವರೆಗೂ ಸಿಡಿಯುತ್ತಲೇ ಇರುತ್ತಿತ್ತು. ಎರಡೇ ಎರಡು ಸಂದರ್ಭಗಳಲ್ಲಿ ಅವಳು ಸುಮ್ಮನಿರುತ್ತಿದ್ದಳು. ಕೈಗೆ ಬಣ್ಣ, ಕುಂಚ ಸಿಕ್ಕಿದಾಗ ಒಂದು. ಎದುರಿಗೆ ಲೆಕ್ಕದ ಪುಸ್ತಕ ತೆರೆದಾಗ ಇನ್ನೊಂದು. ಈ ಎರಡು ಮೌನಕ್ಕೂ ಅಜಗಜಾಂತರ. ಮೊದಲನೆಯದು ಹೊಟ್ಟೆ ತುಂಬಿದವರ ಮೌನ, ಎರಡನೆಯದು ನೀರಿಗೆ ಬಿದ್ದ ಪಟಾಕಿಯದು.

ದಿನಾ ಸಂಜೆ ಅಂಗಡಿಯ ಗಲಾಟೆ ಕಡಮೆಯಾದ ಮೇಲೆ ಅಪ್ಪ ಒಳಗೆ ಬಂದು ಮಗಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಮೊದಲೆಲ್ಲ ಉತ್ತರವನ್ನು ಬಾಯಿಬಿಟ್ಟು ಹೇಳಿಬಿಡುತ್ತಿದ್ದ. ಅಮ್ಮ ಒಂದು ದಿನ ಸರಿಯಾಗಿ ಬೈದಿದ್ದಳು. "ಅನ್ನ ಅವಳು ತಿನ್ನಬೇಕು, ಜಗಿಯೋದು ನೀವಾದ್ರೆ ಹೇಗ್ರೀ?" ಅಂದಿದ್ದಳು. ಅಂದಿನಿಂದ ಅಪ್ಪ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೈಕಟ್ಟಿ ಕೂರುತ್ತಿದ್ದ. ಹುಡುಗಿ ಬರೆಯುತ್ತಿದ್ದಳು, ತಲೆಯೆತ್ತುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಕೊನೆಗೆ ಎಲ್ಲ ಉತ್ತರವೂ ಸರಿಯಾಗಿರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಂತೂ ಮುದ್ದಾದ ಹುಡುಗಿಯೇ ಇದ್ದಳು, ಸಾಲದ್ದಕ್ಕೆ ಲೆಕ್ಕವೂ ಬರುತ್ತಿತ್ತು. ಅಪ್ಪ ಗಿರಾಕಿಗಳ ಮುಂದೆ ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ.

ಹೀಗಿರುವಾಗ ಶಾಲೆಯಿಂದ ಕರೆ ಬಂತು.

ಗಣಿತದ ಟೀಚರು ಸಣ್ಣ ಆಳು, ಮಾತು ಮೆತ್ತಗೆ. ಅಪ್ಪನನ್ನೂ ಪಟಾಕಿಯನ್ನೂ ಖಾಲಿ ತರಗತಿಯಲ್ಲಿ ಎದುರುಬದುರು ಕೂರಿಸಿದರು. "ಮನೇಲಿ ಮಾಡಿದ ಲೆಕ್ಕ ಎಲ್ಲಾ ಸರಿ. ಇಲ್ಲಿ ಮಾಡಿದ್ದು ಒಂದೂ ಸರಿ ಇಲ್ಲ. ಇದು ಹೇಗೆ ಅಂತ ನಂಗೆ ಅರ್ಥ ಆಗ್ತಿಲ್ಲ," ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಏನೂ ಹೇಳುವ ಮೊದಲೇ ಅಪ್ಪ, "ನಾನು ಒಂದು ಉತ್ತರಾನೂ ಹೇಳ್ಕೊಟ್ಟಿಲ್ಲ ಟೀಚರ್, ಬೇಕಾದ್ರೆ ಇವಳನ್ನೇ ಕೇಳಿ," ಅಂದ.

"ಇಲ್ಲ ಟೀಚರ್, ಅಪ್ಪ ಬಾಯೇ ಬಿಡಲ್ಲ," ಅಂದಳು ಪಟಾಕಿ. ಅದು ನಿಜವಾಗಿತ್ತು.

ಟೀಚರು ಕುರ್ಚಿಯನ್ನು ಪಟಾಕಿಯ ಕಡೆ ಎಳೆದುಕೊಂಡರು. ಆಮೇಲೆ ಕೇಳಿದರು: "ಮುಕ್ಕಾಲು ಮೀಟರ್ ರಿಬ್ಬನ್ ಇದೆ. ಅರ್ಧ ಮೀಟರ್ ಕತ್ತರಿಸಿ ಗೆಳತಿಗೆ ಕೊಟ್ಟೆ. ನಿನ್ನ ಹತ್ರ ಉಳಿದದ್ದೆಷ್ಟು?"

"ಒಂದೂಕಾಲು?" ಅಂದಳು ಪಟಾಕಿ. ತಲೆಯೆತ್ತಿ ನೋಡಿದಳು. "ಅರ್ಧ?" ಮತ್ತೆ ನೋಡಿದಳು. "ಕಾಲು!"

"ಸರಿ," ಅಂದರು ಟೀಚರು. ಅಪ್ಪನಿಗೆ ಎದೆ ಉಬ್ಬಿತು. ಟೀಚರು ಎದ್ದು, ಗೋಡೆಗೆ ಒರಗಿಸಿದ್ದ ದೊಡ್ಡ ರಟ್ಟಿನ ಹಲಗೆಯೊಂದನ್ನು ತಂದು ಅಪ್ಪನ ಕೈಗೆ ಕೊಟ್ಟರು. "ಇದನ್ನ ಸ್ವಲ್ಪ ಮುಖಕ್ಕೆ ಅಡ್ಡ ಹಿಡ್ಕೊಳ್ಳಿ."

ಅಪ್ಪ ಹಿಡಿದುಕೊಂಡ. ರಟ್ಟಿಗೆ ಸೀಮೆಸುಣ್ಣದ ಪುಡಿಯ ವಾಸನೆ ಇತ್ತು. ಟೀಚರು ಅದೇ ಲೆಕ್ಕವನ್ನು ರಿಬ್ಬನ್ ಬದಲು ಹಗ್ಗ ಮಾಡಿ, ಮುಕ್ಕಾಲರ ಬದಲು ಒಂದೂಕಾಲು ಮಾಡಿ ಕೇಳಿದರು. ಅಪ್ಪನಿಗೆ ಉತ್ತರ ತಕ್ಷಣ ಹೊಳೆಯಿತು. ರಟ್ಟಿನ ಆಚೆ ಕಡೆ ಮಾತ್ರ ಸದ್ದಿಲ್ಲ. ಕುರ್ಚಿಯ ಕಾಲು ಒಮ್ಮೆ ಕಿರ್ರೆಂದಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಗೊತ್ತಿಲ್ಲ ಟೀಚರ್," ಅಂತ ಕೇಳಿಸಿತು.

"ನೋಡಿದ್ರಾ?" ಅಂದರು ಟೀಚರು.

"ಏನ್ ನೋಡೋದು ಟೀಚರ್, ಮುಖಕ್ಕೆ ರಟ್ಟು ಅಡ್ಡ ಇದ್ಯಲ್ಲ."

"ನಾನು ಹೇಳೋದೂ ಅದನ್ನೇ. ನಿಮ್ಮ ಮಗಳು ಓದ್ತಿರೋದು ಲೆಕ್ಕ ಅಲ್ಲ, ನಿಮ್ಮ ಮುಖ." ಅವರ ದನಿಯಲ್ಲಿ ಬೈಗುಳ ಇರಲಿಲ್ಲ. "ಮುಂದಿನ ತಿಂಗಳು ಮತ್ತೆ ಕೂರಿಸಿ ಕೇಳ್ತೀನಿ. ಆಗ್ಲೂ ಹೀಗೇ ಆದ್ರೆ ಇವಳನ್ನ ಹೆಚ್ಚಿನ ಪಾಠಕ್ಕೆ ಹಾಕ್ಲೇಬೇಕಾಗತ್ತೆ. ಅದಕ್ಕೆ ಸಿಗೋ ಹೊತ್ತು ಒಂದೇ. ಚಿತ್ರಕಲೆ ಪೀರಿಯಡ್."

ಅಪ್ಪ ರಟ್ಟು ಇಳಿಸಿದಾಗ ಪಟಾಕಿ ಎರಡು ಕೈಯಿಂದಲೂ ಕುರ್ಚಿಯ ಅಂಚು ಹಿಡಿದು ಕೂತಿದ್ದಳು. ವಾರದಲ್ಲಿ ಅವಳು ಕಾಯುತ್ತಿದ್ದದ್ದೇ ಆ ಪೀರಿಯಡ್ಡಿಗೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅಪ್ಪನಿಗೆ ಬೀದಿ ಅಷ್ಟು ಉದ್ದವಾಗಿ ಯಾವತ್ತೂ ಕಂಡಿರಲಿಲ್ಲ.

ಅಮ್ಮ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಕೆಲಸ ಮುಗಿಸಿ ಬಂದು ಸುದ್ದಿ ಕೇಳಿದವಳೇ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಅಪ್ಪನ ಮುಖದಲ್ಲಿ ಏನೇ ಕಾಣತ್ತೆ ನಿಂಗೆ?" ಅಂತ ಕೇಳಿದಳು.

ಪಟಾಕಿ ಮೊದಲು ಅಪ್ಪನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು, ಆಮೇಲೆ ಹತ್ತಿಕೊಂಡಳು. "ಉತ್ತರ ಸರಿ ಇದ್ರೆ ಅಪ್ಪನ ಮೂಗಿನ ಹೊಳ್ಳೆ ಅರಳತ್ತೆ. ತಪ್ಪಿದ್ರೆ ಪೆನ್ಸಿಲ್ ಕಿವಿ ಹಿಂದೆ ಹೋಗತ್ತೆ. ತುಂಬಾ ತಪ್ಪಿದ್ರೆ ಕಣ್ಣು ಮುಚ್ಕೋತಾನೆ. ಹತ್ರ ಹತ್ರ ಬಂದ್ರೆ ಕಾಲು ಅಲ್ಲಾಡ್ಸೋದು ನಿಲ್ಲತ್ತೆ. ಕೂಡೋದಾ ಕಳೆಯೋದಾ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಎರಡೂ ಬರ್ದು ನೋಡ್ತೀನಿ, ಯಾವ್ದಕ್ಕೆ ಮುಖ ಗಂಟಾಗಲ್ಲ ಅಂತ."

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೀ, ನಿಮ್ಮ ಮುಖಾನೂ ನಿಮ್ಮ ಅಂಗಡಿ ಗಾಜೂ ಒಂದೇ. ಒಳಗಿರೋದೆಲ್ಲಾ ಆಚೆ ಕಾಣತ್ತೆ."

ಅಪ್ಪ ನಗಲಿಲ್ಲ. ಅವನಿಗೆ ನೋವಾಗಿತ್ತು. ಇಷ್ಟು ದಿನ ಮಗಳ ಪಕ್ಕ ಕೂತು ತಾನು ಕೊಟ್ಟದ್ದೇನು ಎಂದು ಯೋಚಿಸಿದ. ಧೈರ್ಯ ಕೊಟ್ಟೆ ಅಂದುಕೊಂಡಿದ್ದ, ಕೊಟ್ಟದ್ದು ಊರುಗೋಲು. ಅದೂ ಗಟ್ಟಿಮುಟ್ಟಾದ ಕಾಲಿರುವ ಮಗುವಿಗೆ. ಮುಖದ ಮೇಲೆ ಇಷ್ಟೆಲ್ಲ ಓದಿಕೊಳ್ಳುವ ಹುಡುಗಿ ದಡ್ಡಿಯಾಗಿರಲು ಸಾಧ್ಯವೇ ಇರಲಿಲ್ಲ.

ಮರುದಿನದಿಂದ ಮುಖ ಮುಚ್ಚುವ ಪ್ರಯತ್ನಗಳು ಶುರುವಾದವು. ಮಗಳಿಗೆ ಉತ್ತರವನ್ನು ಗಟ್ಟಿಯಾಗಿ ಓದಲು ಹೇಳಿ, ಮೊದಲು ಟವೆಲು ಹೊದ್ದುಕೊಂಡು ಕೂತ. ಟವೆಲಿನ ಕೆಳಗೆ ಕಾಲು ಕಾಣುತ್ತಿತ್ತು. ಹುಡುಗಿ ಕಾಲು ಓದಿದಳು. ಕಾಲು ಮಡಚಿ ಕೂತ. ಟವೆಲು ಉಸಿರಾಟಕ್ಕೆ ಏರಿಳಿಯುತ್ತಿತ್ತು, ಅದನ್ನು ಓದಿದಳು. ಪತ್ರಿಕೆ ಅಡ್ಡ ಹಿಡಿದ. ತಪ್ಪು ಉತ್ತರ ಬಂದಾಗ ಪತ್ರಿಕೆಯ ಹಾಳೆ ಸರ್ರೆಂದಿತು. ಪಕ್ಕದ ಕೋಣೆಗೆ ಹೋಗಿ ನಿಂತರೆ ಕೆಮ್ಮು ಬಂತು, ಅದೂ ಸರಿಯಾಗಿ ತಪ್ಪಿನ ಜಾಗದಲ್ಲೇ ಬಂತು. ನಡುವೆ ಒಮ್ಮೆ ತಡೆಯಲಾಗದೆ, "ಅಯ್ಯೋ ಕಳೆಯೋದಲ್ವೇನೇ!" ಅಂತ ಕೂಗಿಯೂಬಿಟ್ಟ. ಆಮೇಲೆ ಇಂಗು ತಿಂದ ಮಂಗನ ಹಾಗೆ ನಿಂತ.

"ನಿಮ್ಮಿಂದ ಆಗಲ್ಲ ಬಿಡಿ," ಅಂದಳು ಅಮ್ಮ. "ಬಾಯಲ್ಲಿ ಮೊಳೆ ಇಟ್ಕೊಂಡಾಗ ಮಾತ್ರ ನಿಮ್ಮ ಮುಖ ಮುಖದ ಥರ ಇರಲ್ಲ, ಮರದ ಥರ ಇರತ್ತೆ. ಹಾಗೇ ಇರೋಕಾದ್ರೆ ಇರಿ."

ಅಪ್ಪನಿಗೆ ಅದು ತಟ್ಟನೆ ಹಿಡಿಸಿತು. ಕಟ್ಟಿನ ಹಿಂದೆ ರಟ್ಟು ಕೂರಿಸುವಾಗ ಅವನು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಸಾಲಾಗಿ ಹಿಡಿದುಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಕಟ್ಟು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಉಳಿಯುವ ಜಾಗ ಬಾಯಿ ಒಂದೇ. ತುಟಿ ಅಲ್ಲಾಡಿದರೆ ಮೊಳೆ ಬೀಳುತ್ತದೆ, ಜೋರಾಗಿ ಉಸಿರೆಳೆದರೆ ಮೊಳೆ ಹೊಟ್ಟೆಗೇ ಹೋದೀತು. ಹಾಗಾಗಿ ಆ ಹೊತ್ತಿನಲ್ಲಿ ಅವನಿಗೆ ಕೋಪವೂ ಇಲ್ಲ, ಸಂತೋಷವೂ ಇಲ್ಲ, ಕೆಮ್ಮಂತೂ ಇಲ್ಲವೇ ಇಲ್ಲ.

ಅಂದಿನಿಂದ ಸಂಜೆಯ ಏರ್ಪಾಡು ಬದಲಾಯಿತು. ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ಅಂಗಡಿಯ ಮೇಜಿನ ಮುಂದೆ ಅಪ್ಪ ಬೆನ್ನು ತಿರುಗಿಸಿ, ಬಾಯಲ್ಲಿ ಮೊಳೆ ಹಿಡಿದು ಕೆಲಸ ಮಾಡುತ್ತಿದ್ದ. ಮಗಳ ಎದುರಿನ ಕುರ್ಚಿಯಲ್ಲಿ ಅಮ್ಮ ಕೂತಳು.

ಅವಳು ಒಪ್ಪಿ ಕೂತದ್ದೇನಲ್ಲ. "ನನಗೂ ಲೆಕ್ಕಕ್ಕೂ ಎಣ್ಣೆ ಸೀಗೇಕಾಯಿ. ತಲೆಗೂದಲು ಬೇಕಾದ್ರೆ ಎಣಿಸ್ತೀನಿ, ಭಿನ್ನರಾಶಿ ಬೇಡ," ಅಂತ ಗೊಣಗಿದಳು. "ಇವಳಿಗೆ ಬರದೇ ಇರೋದು ನನ್ನಿಂದಲೇ ಬಂದಿರಬೇಕು," ಅಂತಲೂ ಸೇರಿಸಿದಳು. ಅಪ್ಪನ ಬೆನ್ನು ಆ ಮಾತಿಗೆ ಸ್ವಲ್ಪ ನೆಟ್ಟಗಾಯಿತು, ಆದರೆ ಬಾಯಲ್ಲಿ ಮೊಳೆ ಇತ್ತು.

ಮೊದಲ ಸಂಜೆ ಪಟಾಕಿ ಒಂದು ಉತ್ತರ ಬರೆದು ಅಭ್ಯಾಸದಂತೆ ತಲೆಯೆತ್ತಿದಳು. ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ. ಇನ್ನೊಂದು ಬರೆದು ನೋಡಿದಳು. ಆಗಲೂ ಏನೂ ಇಲ್ಲ. ಅಮ್ಮನಿಗೇ ಉತ್ತರ ಗೊತ್ತಿರಲಿಲ್ಲವಲ್ಲ, ಮುಖದಲ್ಲಿ ಎಲ್ಲಿಂದ ಬರಬೇಕು? ಹುಡುಗಿಗೆ ಗಾಬರಿಯಾಯಿತು. ಬಾಗಿಲಾಚೆ ನೋಡಿದರೆ ಬೆನ್ನು. ಅತ್ತೇಬಿಟ್ಟಳು.

ಅಮ್ಮ ಅವಳ ಕಣ್ಣೊರೆಸಿ, ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. "ಮುಕ್ಕಾಲರಲ್ಲಿ ಅರ್ಧ ಅಂತೆ. ಹಾಗಂದ್ರೇನೇ? ನಂಗೆ ಹೇಳು."

"ನಿಂಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಯಾಕೆ ಕೇಳ್ಲಿ?"

ಅಮ್ಮ ನಿಜವಾಗಿಯೂ ಕೇಳುತ್ತಿದ್ದಾಳೆಂದು ಪಟಾಕಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪೆನ್ಸಿಲು ತೆಗೆದುಕೊಂಡು ಒಂದು ಉದ್ದನೆಯ ಪಟ್ಟಿ ಬರೆದಳು, ಅಪ್ಪನ ಅಂಗಡಿಯ ಪಟ್ಟಿಯ ಹಾಗೇ. ನಾಲ್ಕು ಭಾಗ ಮಾಡಿದಳು. ಮೂರಕ್ಕೆ ಬಣ್ಣ ತುಂಬಿದಳು. "ಇದು ಮುಕ್ಕಾಲು. ಇದರಲ್ಲಿ ಅರ್ಧ ಅಂದ್ರೆ..." ಅಂತ ನಿಂತಳು. ಮೂರನ್ನು ಸಮನಾಗಿ ಎರಡು ಮಾಡುವುದು ಹೇಗೆ? ಪ್ರತಿ ಭಾಗವನ್ನೂ ನಡುವೆ ಸೀಳಿದಳು. ಎಣಿಸಿದಳು. "ಎಂಟರಲ್ಲಿ ಮೂರು ಬಂತು!"

"ಯಾಕೆ?" ಅಂದಳು ಅಮ್ಮ. ಅವಳಿಗೆ ಅರ್ಥವಾಗಿರಲಿಲ್ಲ. ಪಟಾಕಿ ಇನ್ನೊಮ್ಮೆ ಹೇಳಿದಳು. ಅಮ್ಮ ಮತ್ತೆ ಯಾಕೆ ಅಂದಳು. ಮೂರನೆಯ ಸಲ ಹೇಳುವಾಗ ಹುಡುಗಿಯ ದನಿ ಏರಿತ್ತು, ಕೈ ಆಡುತ್ತಿತ್ತು, ಪಟಾಕಿ ಒಣಗಿ ಬೆಂಕಿ ಹಿಡಿದಿತ್ತು. ಅಮ್ಮ, "ಓಹೋ, ಹೀಗಾ! ಇದನ್ನ ನಂಗೆ ಯಾರೂ ಹೀಗೆ ಹೇಳೇ ಇರ್ಲಿಲ್ಲ ಕಣೇ," ಅಂದಳು. ಆಮೇಲೆ ಅವಳು, ನನ್ನಿಂದಲೇ ಬಂದಿರಬೇಕು ಎಂಬ ಮಾತನ್ನು ಮತ್ತೆ ಆಡಲಿಲ್ಲ.

ಎಲ್ಲ ಸಂಜೆಗಳೂ ಹೀಗೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋದವು ಎಂದು ತಿಳಿಯಬೇಡಿ. ಎಷ್ಟೋ ಸಲ ತಾಯಿ ಮಗಳು ಇಬ್ಬರೂ ಸೇರಿ ತಪ್ಪು ಉತ್ತರವನ್ನೇ ಸರಿ ಎಂದು ಒಪ್ಪಿಕೊಂಡು, ಪುಸ್ತಕ ಮುಚ್ಚಿ, ಖುಷಿಯಾಗಿ ಊಟಕ್ಕೆ ಏಳುತ್ತಿದ್ದರು. ಅಂಗಡಿಯಲ್ಲಿ ಅಪ್ಪನ ಪಾಡು ಯಾರಿಗೂ ಬೇಡ. ಉತ್ತರ ಬಾಯೊಳಗೆ, ಮೊಳೆಗಳ ಹಿಂದೆ ಕೂತು ಒದ್ದಾಡುತ್ತಿತ್ತು. ಮರುದಿನ ಟೀಚರು ಕೆಂಪು ಗೆರೆ ಎಳೆದು ಕಳಿಸಿದ ಮೇಲೆ ಪಟಾಕಿ ಅದನ್ನು ಮತ್ತೆ ಪಟ್ಟಿ ಬರೆದು ನೋಡುತ್ತಿದ್ದಳು, ಎಲ್ಲಿ ಎಡವಿದೆ ಎಂದು ಅಮ್ಮನಿಗೆ ಒಪ್ಪಿಸುತ್ತಿದ್ದಳು. ತಪ್ಪು ಒಂದು ರಾತ್ರಿ ಮನೆಯಲ್ಲಿ ತಂಗಿದರೆ ಮನೆಯೇನೂ ಬೀಳುವುದಿಲ್ಲ ಎಂದು ಅಪ್ಪ ಕಲಿತದ್ದು ಆಗ. ಸುಲಭವಾಗಿ ಕಲಿಯಲಿಲ್ಲ.

ತಿಂಗಳು ಕೊನೆಯಾಗುತ್ತ ಬಂತು. ರಜೆಯ ದಿನ ಮಧ್ಯಾಹ್ನ ಪಟಾಕಿ ಒಂದು ಚಿತ್ರ ಹಿಡಿದುಕೊಂಡು ಅಂಗಡಿಗೆ ಬಂದಳು. ಗಟ್ಟಿ ಕಾಗದದ ಮೇಲೆ ಬಣ್ಣದಲ್ಲಿ ಬರೆದದ್ದು: ಮೇಜಿನ ಮೇಲೆ ಬಾಗಿದ ಒಬ್ಬ ಗಂಡಸು, ಸುತ್ತ ಗೋಡೆಗೆ ತೂಗುಹಾಕಿದ ಖಾಲಿ ಕಟ್ಟುಗಳು, ಮೇಲಿನಿಂದ ಹಳದಿ ಬೆಳಕು. ಮುಖ ಕಾಣುತ್ತಿರಲಿಲ್ಲ. ಅಂಗಿಯ ಹಿಂಭಾಗದಲ್ಲಿ ಹೊಲಿಗೆ ಬಿಟ್ಟ ಜಾಗವನ್ನೂ ಬಿಡದೆ ಬರೆದಿದ್ದಳು.

"ನಾನಾ ಇದು?" ಅಂದ ಅಪ್ಪ.

"ಈಗೀಗ ನಿನ್ನ ಬೆನ್ನೇ ತಾನೆ ಕಾಣೋದು?" ಅಂದಳು. "ಇದಕ್ಕೆ ಕಟ್ಟು ಹಾಕ್ಬೇಕು. ಒಳ್ಳೇದು."

ಅಪ್ಪ ಚಿತ್ರವನ್ನು ಮೇಜಿನ ಮೇಲೆ ಹರವಿದ. ಅಟ್ಟದ ಮೇಲೆ ಕೈಹಾಕಿ ಒಂದು ಪಟ್ಟಿ ಇಳಿಸಿದ. ಕಪ್ಪಿಗೆ ಹತ್ತಿರದ ಕಂದು ಬಣ್ಣದ ಮರ, ಕೈಯಾಡಿಸಿದರೆ ರೇಷ್ಮೆ. ಅಂಥ ಮರ ಈಗ ಬರುತ್ತಿರಲಿಲ್ಲ. ಒಂದೇ ಒಂದು ಪಟ್ಟಿ ಉಳಿದಿತ್ತು. ಎಂಥೆಂಥವರು ಕೇಳಿದರೂ ಇಲ್ಲ ಅಂದು, ಯಾವುದಕ್ಕೋ ಎಂದು ತೆಗೆದಿಟ್ಟಿದ್ದ. ಆ ಯಾವುದೋ ಇದೇ ಎಂದು ಅವನಿಗೆ ಅನುಮಾನವೇ ಬರಲಿಲ್ಲ.

"ನೋಡು," ಅಂದ. "ಈ ತೋಡಿನೊಳಗೆ ಚಿತ್ರ ಕೂರತ್ತೆ. ತೋಡಿನಿಂದ ಹೊರಗಂಚಿಗೆ ಮುಕ್ಕಾಲು ಇಂಚು. ಮೂಲೆ ಓರೆಯಾಗಿ ಕೊಯ್ದು ಸೇರಿಸ್ತೀವಿ. ಹೊರಗಂಚಿನ ಉದ್ದ ಎಷ್ಟಿರ್ಬೇಕು ಅಂತ ನೀನು ಹೇಳು. ನೀನು ಹೇಳಿದಷ್ಟೇ ಕೊಯ್ತೀನಿ." ಇಷ್ಟು ಹೇಳಿ ಡಬ್ಬಿಯಿಂದ ಮೊಳೆಗಳನ್ನು ತೆಗೆದು ತುಟಿಗೆ ಸಿಕ್ಕಿಸಿಕೊಂಡ.

ಪಟಾಕಿ ಟೇಪು ಹಿಡಿದಳು. ಚಿತ್ರದ ಉದ್ದ ಹನ್ನೆರಡೂವರೆ, ಅಗಲ ಒಂಬತ್ತೂಕಾಲು. ರಟ್ಟಿನ ಚೂರಿನ ಮೇಲೆ ಬರೆದಳು. ಗೊಣಗಿಕೊಂಡಳು. "ಹನ್ನೆರಡೂವರೆಗೆ ಮುಕ್ಕಾಲು ಸೇರಿದ್ರೆ ಹದಿಮೂರೂಕಾಲು. ಒಂಬತ್ತೂಕಾಲಕ್ಕೆ ಮುಕ್ಕಾಲು ಸೇರಿದ್ರೆ ಹತ್ತು. ಹತ್ತು ಅಂತ ಎಷ್ಟು ದುಂಡಗೆ ಬಂತು ನೋಡು!" ಅಂದಳು. "ಹದಿಮೂರೂಕಾಲು ಎರಡು, ಹತ್ತು ಎರಡು ಕೊಯ್ಯಪ್ಪಾ."

ಅಪ್ಪನಿಗೆ ಅವಳ ಬಾಯಿಂದ ಮಾತು ಹೊರಡುವ ಮೊದಲೇ ಗೊತ್ತಾಗಿತ್ತು. ಮುಕ್ಕಾಲನ್ನು ಒಂದೇ ಸಲ ಸೇರಿಸಿದ್ದಾಳೆ. ಒಂದು ಪಟ್ಟಿಗೆ ಎರಡು ಮೂಲೆ. ಗರಗಸ ಕೈಯಲ್ಲಿತ್ತು, ಮರ ಮೇಜಿನ ಮೇಲಿತ್ತು, ಇಂಥ ಮರ ಇನ್ನು ಬರುವುದಿಲ್ಲ. ಒಂದು ಮಾತು ಸಾಕಿತ್ತು. ಮಾತೂ ಬೇಡ, ಹುಬ್ಬು ಏರಿಸಿದರೂ ಸಾಕಿತ್ತು. ಹುಡುಗಿ ನೋಡುತ್ತಿದ್ದಳು ಕೂಡ.

ಅವನು ಅವಳ ಕಡೆ ಬೆನ್ನು ತಿರುಗಿಸಿ ಕೊಯ್ದ.

ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತಳು. ಗಂಡನ ಕಿವಿ ಕೆಂಪಾಗಿದ್ದನ್ನು ನೋಡಿದಳು. ಏನೋ ತಪ್ಪಿದೆ ಎಂದು ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಮಗಳಿಗೆ ಆ ಕಿವಿ ಕಾಣದ ಹಾಗೆ ಬಂದು ನಡುವೆ ನಿಂತಳು.

ನಾಲ್ಕು ತುಂಡುಗಳನ್ನು ಪಟಾಕಿ ಮೇಜಿನ ಮೇಲೆ ಸೇರಿಸಿಟ್ಟಳು. ಮೂಲೆಗೆ ಮೂಲೆ ಕೂಡಿ ಚೆಂದದ ಕಟ್ಟಾಯಿತು. ಚಿತ್ರವನ್ನು ಇಟ್ಟು ನೋಡಿದರೆ ತೋಡಿಗೆ ಇಳಿಯಲೇ ಇಲ್ಲ. ತಿರುಗಿಸಿ ಇಟ್ಟಳು, ಒತ್ತಿ ನೋಡಿದಳು, ಆಗಲಿಲ್ಲ. ಹಳೆಯ ಅಭ್ಯಾಸ, ಅಪ್ಪನ ಮುಖ ಹುಡುಕಿದಳು. ಅಪ್ಪ ತಲೆ ತಗ್ಗಿಸಿ ಮರದ ಪುಡಿ ಗುಡಿಸುತ್ತಿದ್ದ.

"ಯಾಕೆ ಕೂರ್ತಿಲ್ಲ?" ಅಂದಳು ಅಮ್ಮ, ಸಂಜೆ ಕೇಳುವ ಅದೇ ದನಿಯಲ್ಲಿ.

ಪಟಾಕಿ ಕಟ್ಟಿನ ಒಂದು ಮೂಲೆಯ ಮೇಲೆ ಬೆರಳಿಟ್ಟಳು. ಅದೇ ಪಟ್ಟಿಯುದ್ದಕ್ಕೂ ಬೆರಳು ಜಾರಿಸಿಕೊಂಡು ಹೋಗಿ ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿದಳು. "ಅಯ್ಯೋ, ಈ ಕಡೆ ಒಂದು ಮುಕ್ಕಾಲು, ಆ ಕಡೆ ಒಂದು ಮುಕ್ಕಾಲು! ನಾನು ಒಂದೇ ಸಲ ಸೇರಿಸಿದೀನಿ. ಒಂದೂವರೆ ಸೇರಿಸ್ಬೇಕಿತ್ತು. ಹದಿನಾಲ್ಕು ಎರಡು, ಹತ್ತೂಮುಕ್ಕಾಲು ಎರಡು."

ಸರಿಯಾಗಿತ್ತು. ಅಪ್ಪನಿಗೆ ಸಂತೋಷ ಉಕ್ಕಿಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ಉಳಿದ ಮರ ಮೂರಡಿಗಿಂತ ಒಂದು ಚೂರು ಹೆಚ್ಚು, ಅಷ್ಟೆ. ಹೊಸದಾಗಿ ನಾಲ್ಕು ತುಂಡಿಗೆ ಇನ್ನೂ ಒಂದಡಿ ಬೇಕು. ಲೆಕ್ಕ ಎಂದಿನಂತೆ ಒಂದು ಕ್ಷಣದಲ್ಲಿ ಮುಗಿದಿತ್ತು. ಮಗಳನ್ನು ಹೇಗೆ ಸಮಾಧಾನ ಮಾಡಲಿ, ಬೇರೆ ಯಾವ ಮರ ತೋರಿಸಲಿ ಎಂದು ಆಗಲೇ ಯೋಚಿಸುತ್ತಿದ್ದ.

ಹುಡುಗಿಯೂ ಟೇಪು ಹಿಡಿದು ಅದನ್ನೇ ಕಂಡುಕೊಂಡಳು. "ಸಾಲಲ್ಲ," ಅಂದಳು. ಮುಖ ಬಾಡಿತು. ತಪ್ಪಾಗಿ ಕೊಯ್ದ ತುಂಡುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡತೊಡಗಿದಳು. ಒಂದನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತಳು.

"ಅಮ್ಮಾ, ಹದಿಮೂರೂಕಾಲು ದೊಡ್ಡದಾ, ಹತ್ತೂಮುಕ್ಕಾಲು ದೊಡ್ಡದಾ?"

"ನನ್ನ ಕೇಳ್ತೀಯಲ್ಲೇ. ಹದಿಮೂರೇ ತಾನೆ ದೊಡ್ಡದು?"

"ಹಾಗಾದ್ರೆ ಉದ್ದಕ್ಕೆ ಅಂತ ಕೊಯ್ದದ್ದನ್ನೇ ಇನ್ನಷ್ಟು ಕೊಯ್ದು ಅಗಲಕ್ಕೆ ಹಾಕ್ಬಹುದು! ಹೊಸದು ಎರಡೇ ಬೇಕು, ಹದಿನಾಲ್ಕಿಂದು. ಅದಕ್ಕೆ ಮರ ಇದೆ!"

ಮೊಳೆಗಳು ಅಪ್ಪನ ಬಾಯಿಂದ ಜಾರಿ ಮೇಜಿನ ಗಾಜಿನ ಮೇಲೆ ಟಣಟಣನೆ ಬಿದ್ದವು.

ಇಷ್ಟು ವರ್ಷ ಪಟ್ಟಿ ಕೊಯ್ದವನಿಗೆ ಇದು ಹೊಳೆಯಲಿಲ್ಲವೇ ಎಂದು ಕೇಳಬಹುದು. ಹೊಳೆಯಬೇಕಿತ್ತು. ಆದರೆ ಅವನು ಆಗಲೇ ಉತ್ತರ ಹೇಳಿಕೊಂಡು ಬಾಗಿಲು ಮುಚ್ಚಿಬಿಟ್ಟಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಪಟಾಕಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ತೆರೆದ ಬಾಯಿ, ಅಗಲವಾದ ಕಣ್ಣು. "ಅಪ್ಪಾ," ಅಂದಳು ನಿಧಾನವಾಗಿ, "ಇದು ನಿನ್ನ ಮುಖದಲ್ಲಿ ಇರ್ಲೇ ಇಲ್ಲ."

"ಇರ್ಲಿಲ್ಲ ಮಗಳೇ. ನಂಗೇ ಹೊಳೀಲಿಲ್ಲ."

"ಹಾಗಾದ್ರೆ ಇದು ನಂದೇ," ಅಂದಳು. ಕಟ್ಟು ಸಂಜೆಯೊಳಗೆ ಸಿದ್ಧವಾಯಿತು. ಅಗಲದ ಎರಡು ಪಟ್ಟಿಗಳೂ ತಪ್ಪಿನಿಂದ ಹುಟ್ಟಿದವು ಎಂದು ನೋಡಿದವರಿಗೆ ಗೊತ್ತಾಗುವ ಹಾಗಿರಲಿಲ್ಲ. ಮನೆಯ ಗೋಡೆಯ ಮೇಲೆ, ಊಟದ ಮೇಜಿನ ಎದುರಿಗೇ ಅದನ್ನು ತೂಗುಹಾಕಿದರು.

ಟೀಚರು ಹೇಳಿದ ದಿನ ಬಂತು. ಅದೇ ಖಾಲಿ ತರಗತಿ, ಅದೇ ಕುರ್ಚಿಗಳು. ಅಪ್ಪ ಅಂಗಿಯ ಜೇಬಿನಲ್ಲಿ ಒಂದೇ ಒಂದು ಮೊಳೆ ತಂದಿದ್ದ. ಬಾಗಿಲ ಹತ್ತಿರ ಮುಖ ತಿರುಗಿಸಿ ಅದನ್ನು ತುಟಿಗೆ ಸಿಕ್ಕಿಸಿಕೊಂಡ. ಟೀಚರು ಅದನ್ನು ಕಂಡರು. ರಟ್ಟಿನ ಹಲಗೆಯನ್ನು ತಂದು ಮುಂದೆ ಚಾಚಿದರು. "ಇಲ್ಲಾಂದ್ರೆ ಹೊರಗೆ ನಿಂತ್ರೂ ಆಗತ್ತೆ," ಅಂದರು.

"ಬೇಡ ಟೀಚರ್," ಅಂದಳು ಪಟಾಕಿ. "ಅಪ್ಪ ಇಲ್ಲೇ ಇರ್ಲಿ. ನಾನು ನೋಡಲ್ಲ."

ಅವಳು ಎದ್ದು ಕರಿಹಲಗೆಯ ಮುಂದೆ ಹೋಗಿ ನಿಂತಳು. ಟೀಚರು ಕೇಳಿದರು: "ಎರಡೂವರೆ ಮೀಟರ್ ಬಟ್ಟೆ ಇದೆ. ಒಂದು ಚೀಲಕ್ಕೆ ಮುಕ್ಕಾಲು ಮೀಟರ್ ಬೇಕು. ಎಷ್ಟು ಚೀಲ ಆಗತ್ತೆ? ಎಷ್ಟು ಉಳಿಯತ್ತೆ?"

ಪಟಾಕಿ ಉದ್ದನೆಯ ಪಟ್ಟಿ ಬರೆದಳು. ಗೆರೆ ಹಾಕಿ ಹಾಕಿ ಭಾಗ ಮಾಡಿದಳು. ಅಪ್ಪನಿಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಒಂದು ಜಡೆ, ಸೀಮೆಸುಣ್ಣ ಹಿಡಿದ ಕೈ. ಮುಖ ಕಾಣುತ್ತಿರಲಿಲ್ಲ. ಅವಳಿಗೆ ಬರುತ್ತಿದೆಯೋ, ಭಯವಾಗುತ್ತಿದೆಯೋ, ತಿಳಿಯಲು ಯಾವ ದಾರಿಯೂ ಇರಲಿಲ್ಲ. ಬೆನ್ನು ನೋಡಿಕೊಂಡು ಕೂರುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ಗೊತ್ತಾಯಿತು.

ಮೂರು ಚೀಲ, ಉಳಿದದ್ದು ಅರ್ಧ, ಎಂದು ಬರೆದಳು.

ತಪ್ಪು. ಅಪ್ಪ ಮೊಳೆಯನ್ನು ಗಟ್ಟಿಯಾಗಿ ಕಚ್ಚಿಕೊಂಡ. ಚಿತ್ರಕಲೆಯ ಪೀರಿಯಡ್ ಹೋಯಿತು ಅಂದುಕೊಂಡ. ಹುಡುಗಿ ತಿರುಗಲಿಲ್ಲ. ಪಟ್ಟಿಯ ಕೊನೆಯ ತುಂಡಿನ ಮೇಲೆ ಬೆರಳಿಟ್ಟು, ಅಮ್ಮನ ದನಿಯಲ್ಲೇ, "ಯಾಕೆ?" ಅಂತ ತನ್ನನ್ನೇ ಕೇಳಿಕೊಂಡಳು. ಗೆರೆಗಳನ್ನು ಮೊದಲಿನಿಂದ ಎಣಿಸಿದಳು. ಅರ್ಧವನ್ನು ಅಂಗೈಯಿಂದ ಒರೆಸಿ ಕಾಲು ಎಂದು ಬರೆದು ಟೀಚರ ಕಡೆ ತಿರುಗಿದಳು.

"ಮೂರು ಚೀಲ, ಕಾಲು ಮೀಟರ್ ಉಳಿಯತ್ತೆ ಟೀಚರ್. ಮೊದ್ಲು ಅರ್ಧ ಅಂತ ಬರ್ದಿದ್ದೆ, ಯಾಕಂದ್ರೆ ಎರಡೂವರೇಲಿ ಅರ್ಧ ಕೊನೇಲಿ ಇದ್ಯಲ್ಲ, ಅದು ಹಾಗೇ ಉಳ್ಕೊಳತ್ತೆ ಅಂತ ಅನ್ನಿಸ್ತು. ಆದ್ರೆ ಮೂರನೇ ಚೀಲ ಅದರಲ್ಲಿ ಒಂದು ಕಾಲು ತಿನ್ನತ್ತೆ, ಇಲ್ಲಿ ನೋಡಿ, ಈ ಗೆರೆ..."

"ಸಾಕು ಮಾರಾಯ್ತಿ, ಸಾಕು," ಅಂತ ಟೀಚರು ನಕ್ಕರು. ಹೊರಗೆ ಗಂಟೆ ಹೊಡೆಯಿತು. "ಹೋಗು, ನಿಂಗೆ ಚಿತ್ರಕಲೆ ಇದೆ."

ಪಟಾಕಿ ಚೀಲ ಎತ್ತಿಕೊಂಡು ಓಡಿದಳು. ಓಡುವಾಗ ಅಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಬೇಕೆಂಬ ನೆನಪೇ ಅವಳಿಗೆ ಇರಲಿಲ್ಲ. ಅಪ್ಪನ ಮೂಗಿನ ಹೊಳ್ಳೆ ಅರಳಿ ಇಷ್ಟಗಲ ಆಗಿತ್ತು, ಓದಿಕೊಳ್ಳಲು ಯಾರೂ ಉಳಿದಿರಲಿಲ್ಲ.

"ಇನ್ನು ಮೊಳೆ ತೆಗೀಬಹುದು," ಅಂದರು ಟೀಚರು.

ಅಪ್ಪ ಮೊಳೆ ತೆಗೆದು ಜೇಬಿಗೆ ಹಾಕಿಕೊಂಡ. ಏನಾದರೂ ಹೇಳೋಣವೆಂದು ಬಾಯಿ ತೆರೆದ. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.